ಕೆರೆ ಮುಚ್ಚಿದ ಹಸಿರು

ಸಿದ್ದೇಶ್ವರಿಯ ಅಂಗಳಕ್ಕೆ ಮೊದಲ ಸಲ ಬಂದವರು ಕೇಳುತ್ತಿದ್ದ ಮಾತು ಹೆಚ್ಚುಕಡಿಮೆ ಒಂದೇ. ಕಾಂಪೌಂಡಿನ ಗುಂಟ ಸಿಮೆಂಟಿನ ತೊಟ್ಟಿಗಳು, ಅರ್ಧಕ್ಕೆ ಕತ್ತರಿಸಿದ ನೀಲಿ ಡ್ರಮ್ಮುಗಳು, ಮಗ್ಗುಲಲ್ಲಿ ಒಡಕು ಬಿಟ್ಟು ಎಂಸೀಲ್ ಮೆತ್ತಿಸಿಕೊಂಡ ಒಂದು ಹಳೆಯ ಟಬ್ಬು. ಎಲ್ಲದರಲ್ಲೂ ನೀರು, ನೀರಿನ ಮೇಲೆ ಹಸಿರು ಹಾಸು. ಬಂದವರು ಬಗ್ಗಿ ನೋಡುತ್ತಿದ್ದರು.

"ಇದು ತಿನ್ಲಿಕ್ಕಿ ಬರ್ತದೇನ್ರಿ?"

"ಬರೂದಿಲ್ರಿ."

"ಹೂವು ಬಿಡ್ತದೇನು?"

"ಅದೂ ಇಲ್ರಿ."

"ಮತ್ತ ಯಾಕ ಬೆಳಸ್ತೀರಿ?"

ಆಗ ಅವಳು ಮಾತಾಡದೆ ಬೆರಳು ಅದ್ದಿ ಒಂದು ಹನಿ ನೀರನ್ನು ಎಲೆಯ ಮೇಲೆ ಬಿಡುತ್ತಿದ್ದಳು. ಹನಿ ಎಲೆಗೆ ಅಂಟುತ್ತಿರಲಿಲ್ಲ. ಪಾದರಸದ ಗುಂಡಿನ ಹಾಗೆ ಉರುಳಿ, ಅಂಚಿನಲ್ಲಿ ಒಂದು ಗಳಿಗೆ ನಿಂತು, ಕೆಳಗೆ ಜಾರಿಹೋಗುತ್ತಿತ್ತು. ಎಲೆ ಒಣಗಿದ್ದು ಒಣಗಿದ ಹಾಗೇ. "ಇದರ ಸಲುವಾಗಿ ಬೆಳಸ್ತೇನ್ರಿ" ಎನ್ನುತ್ತಿದ್ದಳು.

ನೌಬಾದದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಅವಳು ವಿಜ್ಞಾನ ಕಲಿಸುತ್ತಿದ್ದಳು. ಶಾಲೆಯ ಮೀನಿನ ತೊಟ್ಟಿಗೆಂದು ಬೀದರಿನ ಗುಲಾಮ ರಸೂಲರ ಅಂಗಡಿಯಿಂದ ಒಂದು ಹಿಡಿ ತೇಲುವ ಜರಿಗಿಡ ತಂದದ್ದೇ ಈ ಹುಚ್ಚಿಗೆ ಮೊದಲು. ಮಣ್ಣು ಬೇಡದ, ಬೀಜ ಇಲ್ಲದ, ಎರಡೆರಡು ಎಲೆ ಮೇಲೆ ಬಿಟ್ಟು ಮೂರನೆಯದನ್ನು ಬೇರಿನ ಹಾಗೆ ನೀರಿನೊಳಗೆ ಇಳಿಬಿಡುವ ಗಿಡ. ಶಾಲೆಯ ತೊಟ್ಟಿಯಲ್ಲಿ ಅದು ಮೂರು ಸಲ ಕೊಳೆತು ಸತ್ತಿತು. ಫಿಲ್ಟರಿನ ನೀರು ಮೇಲಿಂದ ಎಲೆಗೆ ಸಿಡಿಯಬಾರದು, ತೊಟ್ಟಿಗೆ ಗಾಜಿನ ಮುಚ್ಚಳ ಹಾಕಿದರೆ ಹಬೆ ಹನಿಯಾಗಿ ಬಿದ್ದು ಎಲೆ ಕರಗುತ್ತದೆ, ನೀರು ನಿಂತಷ್ಟೂ ಅದಕ್ಕೆ ಸುಖ. ಇವನ್ನೆಲ್ಲ ಅವಳು ಗಿಡ ಸಾಯಿಸಿ ಸಾಯಿಸಿಯೇ ಕಲಿತಳು. ಬದುಕುವುದು ಕಲಿತ ಮೇಲೆ ಗಿಡದ ಬೆಳವಣಿಗೆ ನಿಲ್ಲಲಿಲ್ಲ. ವಾರಕ್ಕೊಮ್ಮೆ ಹಿಡಿಹಿಡಿಯಾಗಿ ತೆಗೆಯದಿದ್ದರೆ ಕೆಳಗಿನ ಮೀನಿಗೆ ಬೆಳಕು ಇಲ್ಲದಂತಾಗುತ್ತಿತ್ತು.

ಹಾಗೆ ತೆಗೆದದ್ದನ್ನು ಚೆಲ್ಲಲು ಮನಸ್ಸು ಬಾರದೆ ಅವಳು ಮಾಯಾಳಿಗೆ ಕೊಟ್ಟಳು.

ಮಾಯಾ ಭಾಲ್ಕಿಯವಳು. ಇಬ್ಬರೂ ಅಲ್ಲಿಯ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದು ಬಿ.ಎಸ್ಸಿ. ಓದಿದವರು. ಒಬ್ಬಳ ಸೀರೆ ಇನ್ನೊಬ್ಬಳು ಉಟ್ಟು, ಒಬ್ಬಳಿಗೆ ಊರಿಂದ ಬಂದ ಶೇಂಗಾ ಹಿಂಡಿಯ ಚಟ್ನಿಪುಡಿ ಇನ್ನೊಬ್ಬಳು ಖಾಲಿ ಮಾಡಿ ಬೆಳೆದ ಸ್ನೇಹ. ಮಾಯಾ ಕಡೆಯ ವರ್ಷ ಪರೀಕ್ಷೆಗೆ ಕೂರಲಿಲ್ಲ, ಮದುವೆಯಾಯಿತು. ಈಗ ಸ್ಟೇಷನ್ ರಸ್ತೆಯಲ್ಲಿ ಅವಳದೊಂದು ಅಂಗಡಿ. ಮೀನು, ಪಂಜರದ ಪಕ್ಷಿ, ಹೂಕುಂಡ, ಮನೆಯ ಮುಂದಿನ ಸಣ್ಣ ಕೊಳಕ್ಕೆ ಬೇಕಾದ ಕಾರಂಜಿ. ಸಿದ್ದೇಶ್ವರಿ ಕೊಟ್ಟ ಗಿಡಕ್ಕೆ "ಇಲಿಕಿವಿ" ಎಂದು ಹೆಸರಿಟ್ಟವಳೂ ಅವಳೇ. ಎಲೆ ಅಷ್ಟೇ ದೊಡ್ಡದು, ಅಷ್ಟೇ ಮೆತ್ತಗೆ. ಆ ಹೆಸರಿನಿಂದಲೇ ಗಿಡ ಭಾಲ್ಕಿಯ ಮನೆಮನೆಯ ತೊಟ್ಟಿಗೆ ಹೋಯಿತು. ಬೆಳೆಸುವುದು ಇವಳು, ಒಯ್ಯುವುದು ಅವಳು. ಬರಬರುತ್ತ ಇಬ್ಬರಿಗೂ ಅದು ನೆವವಾಯಿತು, ತಿಂಗಳಿಗೆರಡು ಸಲ ಕೂತು ಚಹಾ ಕುಡಿದು ಹರಟೆ ಹೊಡೆಯಲಿಕ್ಕೆ.

ಹೋದ ವರ್ಷ ಮಾಯಾ ಹೈದರಾಬಾದಿನಿಂದ ತರಿಸಿದ ನೀರುಗಿಡಗಳ ಪೊಟ್ಟಣದಲ್ಲಿ ಬೇರೆ ಒಂದು ಜರಿಗಿಡ ಬಂದಿತು. ಎಲೆ ಇಲಿಯ ಕಿವಿಗಿಂತ ಎಷ್ಟೋ ದೊಡ್ಡದು, ದಪ್ಪ, ನಡುವೆ ಮಡಿಚಿದಂತೆ. "ನೋಡು ಸಿದ್ದು, ಇದರ ಛಂದ!" ಎಂದು ಮಾಯಾ ಅದನ್ನು ಇವಳ ಅಂಗಳಕ್ಕೆ ತಂದು ಎರಡೂ ಕೈಯಲ್ಲಿ ಎತ್ತಿ ತೋರಿಸಿದಳು.

ಸಿದ್ದೇಶ್ವರಿ ಶಾಲೆಯಿಂದ ತಂದಿದ್ದ ಭೂತಗನ್ನಡಿ ಹಿಡಿದಳು. ಇಲಿಕಿವಿಯ ಎಲೆಯ ಮೇಲಿನ ರೋಮಗಳು ತುದಿಯಲ್ಲಿ ಬಿಡಿಬಿಡಿ. ಇದರವು ಹಾಗಲ್ಲ. ಒಂದೊಂದು ರೋಮವೂ ಕವಲೊಡೆದು, ತುದಿಯಲ್ಲಿ ಮತ್ತೆ ಕೂಡಿಕೊಂಡು, ಮಜ್ಜಿಗೆಯ ಕಡಗೋಲಿನಂತೆ ನಿಂತಿತ್ತು. ಇದನ್ನು ಅವಳು ಪುಸ್ತಕದ ಚಿತ್ರದಲ್ಲಷ್ಟೇ ನೋಡಿದ್ದಳು.

"ಮಾಯಾ, ಇದು ಬ್ಯಾಡ. ಇದು ಹೊರಗ ಹೋದ್ರ ಕೆರಿಗಿ ಕೆರೀನೇ ನುಂಗ್ತದ. ಒಂದ ತುಂಡ ಉಳದ್ರ ಸಾಕು, ಮತ್ತ ಬೆಳೀತದ. ಒಣಗಿಸಿ ಸುಡಬೇಕು."

"ಇಷ್ಟು ಛಂದ ಅದಲ್ಲ."

"ಛಂದ ಅದ. ಸುಡಬೇಕು."

ಮಾಯಾ ಗಿಡವನ್ನು ಮತ್ತೆ ಪೊಟ್ಟಣಕ್ಕೆ ಇಳಿಸಿ, "ಆಯ್ತು, ನಾನೇ ಸುಡ್ತೇನಿ. ನಿಮ್ಮ ಓಣ್ಯಾಗ ಹೊಗಿ ಎಬ್ಬಿಸಿದ್ರ ಮಂದಿ ಜಗಳಕ್ಕ ಬರ್ತಾರ. ನಮ್ಮ ಹಿತ್ತಲ ದೊಡ್ಡದದ" ಎಂದಳು. ಎಲ್ಲವನ್ನೂ ಚೀಲಕ್ಕೆ ತುಂಬಿಸಿ ಕಾರಿನಲ್ಲಿಟ್ಟುಕೊಂಡು ಹೋದಳು. ಮರುದಿನ ಫೋನು ಮಾಡಿ, "ಸುಟ್ಟೆ ನೋಡವ್ವಾ ನಿನ್ನ ರಾಕ್ಷಸಿಗಿ. ನನ್ನ ಕಣ್ಣೆಲ್ಲ ಹೊಗಿ" ಎಂದು ನಕ್ಕಳು. ಸಿದ್ದೇಶ್ವರಿಯೂ ನಕ್ಕಳು. ಅಲ್ಲಿಗೆ ಆ ಮಾತು ಮುಗಿಯಿತು ಅಂದುಕೊಂಡಳು.

ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅವಳ ಸೋದರಮಾವ ಮಡೆಪ್ಪ ಬಂದ. ಔರಾದಿನ ಆಚೆಗೆ ಅವನ ಊರು. ಸ್ವಲ್ಪ ಹೊಲ, ಒಂದು ಹಿಂಡು ಕುರಿ. ತಾಯಿ ತೀರಿದ ಮೇಲೆ ಸಿದ್ದೇಶ್ವರಿಗೆ ತವರು ಎಂದರೆ ಅವನ ಮನೆಯೇ. ಬರುವಾಗ ಯಾವಾಗಲೂ ತೊಗರಿ ಬೇಳೆಯೋ ಹೆಸರುಕಾಳೋ ತರುತ್ತಿದ್ದವನು ಈ ಸಲ ಒಂದು ಒದ್ದೆ ಗೋಣಿಚೀಲ ತಂದಿದ್ದ. ಒಳಗೆ ಬಾರದೆ ಅಂಗಳದಲ್ಲೇ ಅದನ್ನು ಸುರಿದ.

"ಇದು ನಿಂದೇನವ್ವಾ?"

ಕಂದು ಬಣ್ಣಕ್ಕೆ ತಿರುಗಿದ, ಒಂದಕ್ಕೊಂದು ಒತ್ತಿಕೊಂಡು ಎಲೆಗಳೆಲ್ಲ ಮೇಲಕ್ಕೆ ಮಡಿಚಿಕೊಂಡ ಗಿಡದ ರಾಶಿ. ಸಿದ್ದೇಶ್ವರಿಗೆ ನೋಡಿದ ಕೂಡಲೇ ಗೊತ್ತಾಯಿತು. ಆದರೂ ಒಳಗೆ ಹೋಗಿ ಭೂತಗನ್ನಡಿ ತಂದು ನೋಡಿದಳು. ಕಡಗೋಲುಗಳು.

"ಎಲ್ಲಿ ಸಿಕ್ತು ಮಾವಾ?"

"ನಮ್ಮ ಕೆರ್ಯಾಗ. ಕೆರಿ ಎಲ್ಲದ ಈಗ? ನೀರ ಕಾಣಾಂಗಿಲ್ಲ. ಹಸರು ಮೈದಾನ ಆಗ್ಯಾದ." ಮಡೆಪ್ಪ ಕಟ್ಟೆಯ ಮೇಲೆ ಕೂತ. "ಮೊನ್ನಿ ಮಧ್ಯಾಹ್ನ ಹಿಂಡು ನೀರಿಗಿ ಬಿಟ್ಟಿದ್ದೆ. ಕೆಂಚಿ ಮುಂದಿತ್ತು. ಅದಕ್ಕೇನು ಗೊತ್ತು, ಹುಲ್ಲಂತ ತಿಳದು ಕಾಲಿಟ್ತು. ಅದರ ಬೆನ್ನಿಗಿ ಇನ್ನೆರಡು. ನಾ ಜಿಗದೆ. ಈ ಗಿಡ ಕಾಲಿಗಿ ಸುತ್ತಕೊಂಡು ನಾನೇ ಮುಳಗ್ತಿದ್ದೆ. ಮೂರೂ ಹೋದವು."

ಕೆಂಚಿ ಎಂದರೆ ಹಿಂಡಿನ ಮುಂದಾಳು. ಅದು ನಡೆದ ಕಡೆಗೆ ಉಳಿದವೆಲ್ಲ ನಡೆಯುತ್ತಿದ್ದವು. ಸಿದ್ದೇಶ್ವರಿ ಊರಿಗೆ ಹೋದಾಗಲೆಲ್ಲ ಅದು ಬಂದು ಅವಳ ಸೆರಗು ಅಗಿಯುತ್ತಿತ್ತು.

"ಮೀನೂ ಸತ್ತು ತೇಲ್ಯಾವ. ವಾಸನಿಗಿ ದಂಡಿಗಿ ನಿಂದ್ರಲಿಕ್ಕಾಗೂದಿಲ್ಲ. ಊರ ಮಂದಿ ನನಗ ಕೇಳ್ತಾರ, ನಿನ್ನ ಸ್ವಾದರ ಸೊಸಿ ಯಾಕ ಹಿಂಗ ಮಾಡಿದ್ಳು ಅಂತ."

"ನಾ? ನಾ ಏನ್ ಮಾಡೀನಿ ಮಾವಾ?"

ಮಡೆಪ್ಪ ಅವಳ ಮುಖ ನೋಡಿದ. "ನೀನೇ ಕಳಿಸಿದ್ದಲ್ಲೇನು? ಭಾಲ್ಕಿ ನಿನ್ನ ಗೆಳತಿ ಬಂದಿದ್ಳು, ಹೋದ ವರ್ಷ. ಸಿದ್ದು ಕಳಿಸ್ಯಾಳ, ಕೆರ್ಯಾಗ ಬೆಳಸ್ತೇವಿ ಅಂದ್ಳು. ನಿನ್ನ ಹೆಸರ ಹೇಳಿದ ಮ್ಯಾಲ ನಾ ಏನ್ ಕೇಳ್ಲಿ? ಎರಡು ಮೂರು ಸಲ ಟೆಂಪೋ ತಂದು ಚೀಲ ತುಂಬಿ ಒಯ್ದಳು. ಆಮ್ಯಾಲ ಬರೂದೇ ಬಿಟ್ಳು."

ಸಿದ್ದೇಶ್ವರಿ ಭೂತಗನ್ನಡಿಯನ್ನು ಕಟ್ಟೆಯ ಮೇಲಿಟ್ಟಳು. ಹೊಗೆಯಿಂದ ಕಣ್ಣು ಉರಿಯುತ್ತಿದೆ ಎಂದು ನಕ್ಕ ಆ ನಗೆ ಕಿವಿಯಲ್ಲಿ ಇನ್ನೂ ಇತ್ತು. ಸುಳ್ಳು ಹೇಳಿದ್ದಕ್ಕಿಂತ ಆ ಹೊಗೆಯ ಮಾತು ಅವಳನ್ನು ಹೆಚ್ಚು ಚುಚ್ಚಿತು. ಬೆಂಕಿಯೇ ಹಚ್ಚದೆ ಹೊಗೆಯನ್ನು ಅಷ್ಟು ಸಲೀಸಾಗಿ ಕಟ್ಟಿ ಹೇಳಿದ್ದಳಲ್ಲ.

ಮಾವನಿಗೆ ಚಹಾ ಕೊಟ್ಟು, ಶಾಲೆಗೆ ರಜೆ ಹಾಕಿ, ಒಂದಿಷ್ಟು ಗಿಡವನ್ನು ಡಬ್ಬಿಯಲ್ಲಿಟ್ಟುಕೊಂಡು ಭಾಲ್ಕಿಯ ಬಸ್ಸು ಹತ್ತಿದಳು.

ಮಾಯಾ ಅಂಗಡಿಯಲ್ಲಿ ಪಕ್ಷಿಗಳಿಗೆ ನವಣೆ ಹಾಕುತ್ತಿದ್ದಳು. "ಅಯ್ಯ, ಹೇಳದೆ ಕೇಳದೆ! ಬಾ, ಚಾ ತರಸ್ತೇನಿ" ಎಂದಳು. ಸಿದ್ದೇಶ್ವರಿ ಡಬ್ಬಿ ತೆರೆದು ಗಲ್ಲಾದ ಮೇಲೆ ಇಟ್ಟಳು. ಮಾಯಾ ಅದನ್ನು ನೋಡಿದಳು. ಇದೇನು ಎಂದು ಕೇಳಲಿಲ್ಲ.

"ಸುಟ್ಟೇನಿ ಅಂದಿದ್ದಿ."

"ಅರ್ಧ ಸುಟ್ಟೆ" ಎಂದಳು ಮಾಯಾ. ಆಮೇಲೆ ಸಣ್ಣ ದನಿಯಲ್ಲಿ, "ಇಲ್ಲ. ಏನೂ ಸುಡ್ಲಿಲ್ಲ" ಎಂದಳು.

ಹೊರಗೆ ಯಾವುದೋ ರೈಲು ಬಂದು ನಿಂತ ಸದ್ದು. ಮಾಯಾ ನವಣೆಯ ಡಬ್ಬಿಗೆ ಮುಚ್ಚಳ ಹಾಕಿದಳು.

"ಇಲ್ಲಿ ಒಂದು ಫಂಕ್ಷನ್ ಹಾಲ್ ಆಗ್ಲತ್ತಿತ್ತು. ಅವರ ಕೊಳದ ತುಂಬ ಹಸರು ಬೇಕಾಗಿತ್ತು, ಜಲ್ದಿ ಬೇಕಾಗಿತ್ತು. ನಿನ್ನ ಇಲಿಕಿವಿ ಯಾವಾಗ ತುಂಬಬೇಕು? ಇದು ನೋಡ್ಲಿಕ್ಕಿ ನೋಡ್ಲಿಕ್ಕಿ ಬೆಳೀತದ."

"ನಮ್ಮ ಮಾವನ ಕೆರೀನೇ ಬೇಕಾಗಿತ್ತೇನು?"

"ಅವರ ಮನ್ಯಾಗ ಕೂಸಿನ ಕೂದಲ ತೆಗಸೂ ಜಾವಳಕ್ಕ ನೀನೇ ಕರ್ಕೊಂಡು ಹೋಗಿದ್ದಿಯಲ್ಲ. ಆವಾಗ ನೋಡಿದ್ದೆ. ನೀರು ಸುಮ್ನ ನಿಂತಿತ್ತು."

"ನನ್ನ ಹೆಸರು ಯಾಕ ಹೇಳಿದಿ?"

ಮಾಯಾ ತಲೆ ಎತ್ತಿದಳು. ಅವಳ ಮುಖದಲ್ಲಿ ಅಳು ಇರಲಿಲ್ಲ, ಸಿಟ್ಟು ಇತ್ತು. "ನಿನ್ನ ಹೆಸರ ಹೇಳಿದ್ರ ಯಾರೂ ಏನೂ ಕೇಳಲಿಲ್ಲ, ಅದಕ್ಕ. ಎಲ್ಲಾ ಕಡಿ ನಿನ್ನ ಹೆಸರೇ ಅಲ್ಲೇನು? ಕಾಲೇಜಿನವರು ಭಾಷಣಕ್ಕ ಕರದ್ರು. ತಾಸೊತ್ತು ಮಾತಾಡ್ದಿ. ಮನಿಮನಿಗಿ ಗಿಡ ಮುಟ್ಟಿಸಿದಾಕಿ ನಾ. ಒಂದ ಸಲಾರ ಮಾಯಾ ಅಂದೇನು? ನಾ ಮುಂದಿನ ಸಾಲಿನಾಗ ಕೂತಿದ್ದೆ."

ಸಿದ್ದೇಶ್ವರಿ ಆ ದಿನವನ್ನು ನೆನೆಸಿಕೊಳ್ಳಲು ನೋಡಿದಳು. ಎಲೆಯ ರಚನೆ, ನೀರಿನ ಹನಿ, ತಿಗಣೆಯಷ್ಟು ಸಣ್ಣ ಬಸವನಹುಳ, ಎಲ್ಲ ಹೇಳಿದ್ದು ನೆನಪಾಯಿತು. ಮಾಯಾಳ ಹೆಸರು ಹೇಳಿದ್ದು ನೆನಪಾಗಲಿಲ್ಲ.

"ಅದಕ್ಕ ನನಗ ಬೈಬೇಕಿತ್ತು ನೀ. ಅಲ್ಲೇ, ಎಲ್ಲಾರ ಮುಂದ ಬೈಬೇಕಿತ್ತು" ಎಂದಳು.

ಆಗ ಮಾಯಾಳ ಕಣ್ಣು ತುಂಬಿತು. ಗಲ್ಲಾದ ಆ ಕಡೆಯಿಂದ ಬಂದು ಅವಳ ಕೈ ಹಿಡಿದಳು. "ಗಲತಿ ಆಯ್ತು ಸಿದ್ದು. ನಾನೇ ಬರ್ತೇನಿ. ಐತವಾರ ಊರ ಮಂದಿ ಮುಂದ ನಿಂತು, ಇದು ನಂದು, ಸಿದ್ದುಂದೇನೂ ಇಲ್ಲ ಅಂತ ಹೇಳ್ತೇನಿ. ಕೆರಿ ಸ್ವಚ್ಛ ಮಾಡ್ಲಿಕ್ಕಿ ಇಬ್ಬರೂ ಕೂಡೇ ಹೋಗಮು."

ಸಿದ್ದೇಶ್ವರಿ ನಂಬಿದಳು. ಮನೆಗೆ ಬಂದು ಗಂಡ ಸತೀಶಕುಮಾರನಿಗೆ ಹೇಳಿದಾಗ ಅವನು, "ಒಂದ ಸಲ ಸುಳ್ಳ ಹೇಳಿದಾಕಿಗಿ ಎರಡನೇದ್ದು ಕಷ್ಟ ಆಗೂದಿಲ್ಲ" ಎಂದ. ಅವಳು ಅವನ ಮೇಲೆಯೇ ರೇಗಿದಳು. ಅವಳನ್ನು ಹದಿನೆಂಟರ ಹರೆಯದಿಂದ ಕಂಡವಳು ನಾನು, ನಿಮಗೇನು ಗೊತ್ತು ಎಂದಳು.

ಐತವಾರ ಮಾಯಾ ಹೇಳಿದ ಹೊತ್ತಿಗೆ ಕಾರು ತಂದಳು. ದಾರಿಯಲ್ಲಿ ಬಿಗುವು ಕಳೆದು, ಇಬ್ಬರೂ ಹಾಸ್ಟೆಲಿನ ಮಾತಿಗೆ ಬಿದ್ದರು. ಸಂತಪುರದಲ್ಲಿ ಇಳಿದು, ಬೇವಿನ ನೆರಳಿನಲ್ಲಿ ಮಾಯಾ ಕಟ್ಟಿಕೊಂಡು ಬಂದಿದ್ದ ಜೋಳದ ರೊಟ್ಟಿ, ಪುಂಡಿಪಲ್ಯ ತಿಂದರು. ಮಾಯಾ ತನ್ನ ಪಾಲಿನ ಶೇಂಗಾ ಹಿಂಡಿಯನ್ನೂ ಇವಳ ರೊಟ್ಟಿಯ ಮೇಲೆ ಸುರಿದಳು. "ನನಗ ಅಂಜಿಕಿ ಆಗ್ಲತ್ತದ" ಎಂದಳು. "ನಾ ಇದ್ದೇನಲ್ಲ" ಎಂದಳು ಸಿದ್ದೇಶ್ವರಿ.

ಕೆರೆಯ ಏರಿಯ ಮೇಲೆ ಊರಿನವರು ಸೇರಿದ್ದರು. ಸಿದ್ದೇಶ್ವರಿ ಕೆರೆಯನ್ನು ನೋಡಿದಳು. ಮಾವ ಹೇಳಿದ್ದು ಸುಳ್ಳಲ್ಲ. ಈ ದಡದಿಂದ ಆ ದಡದವರೆಗೆ ನೀರಿನ ಒಂದು ಬೊಗಸೆಯೂ ಕಾಣುತ್ತಿರಲಿಲ್ಲ. ಕರಿಮಣ್ಣಿನ ಹೊಲಗಳೆಲ್ಲ ಒಣಗಿ ಬಿರುಕು ಬಿಟ್ಟ ಆ ಬಿಸಿಲಲ್ಲಿ ಅದೊಂದೇ ಹಸಿರು. ಕುರಿ ಮೋಸ ಹೋದದ್ದರಲ್ಲಿ ಆಶ್ಚರ್ಯವಿರಲಿಲ್ಲ.

ಊರಿನ ಮೀನು ಸಂಘದ ಹಿರಿಯ ವೀರಭದ್ರ ಮೊದಲು ಮಾತಾಡಿದ. "ಹೇಳ್ರಿ ಬಾಯಾರ. ಯಾರು ಹಾಕಿದ್ದು ಇದು?"

ಸಿದ್ದೇಶ್ವರಿ ಮಾಯಾಳ ಕಡೆ ನೋಡಿದಳು. ಮಾಯಾ ಸೆರಗು ಸರಿ ಮಾಡಿಕೊಂಡು ಮುಂದೆ ಬಂದಳು.

"ನಾನೇ ಹಾಕಿದ್ದುರಿ. ನಿಮ್ಮನ್ನು ಕೇಳದೆ ಹಾಕಿದ್ದು ನಂದ ತಪ್ಪು. ಕೈ ಮುಗೀತೇನಿ." ಸಿದ್ದೇಶ್ವರಿಯ ಕಡೆ ನೋಡದೆ ಮುಂದುವರಿಸಿದಳು. "ಆದ್ರ ಇದು ಇಂಥಾದ್ದು ಅಂತ ನನಗ ಗೊತ್ತಿರಲಿಲ್ರಿ. ಅಜೋಲಾ ಅದ, ದನಾ ತಿಂತಾವ, ಕೆರ್ಯಾಗ ಹಾಕು ಅಂತ ಸಿದ್ದುನೇ ಚೀಲ ತುಂಬಿ ಕೊಟ್ಟಳು. ಆಕಿ ಓದಿದಾಕಿ, ಸಾಲ್ಯಾಗ ಕಲಿಸ್ತಾಳ. ನಾ ಅಂಗಡಿ ಇಟ್ಟಾಕಿ. ಆಕಿ ಹೇಳಿದ್ದು ನಂಬಿದೆ."

ಹೇಳುತ್ತ ಹೇಳುತ್ತ ಅವಳು ಅತ್ತುಬಿಟ್ಟಳು. ನಿಜವಾದ ಅಳು. ಹೆಂಗಸರಲ್ಲಿ ಒಬ್ಬಿಬ್ಬರು ಅವಳ ಬೆನ್ನು ಸವರಿದರು.

ಸಿದ್ದೇಶ್ವರಿ ಅವಳ ಕಡೆ ಒಂದು ಹೆಜ್ಜೆ ಇಟ್ಟಳು. ಬಾಯಲ್ಲಿ ಇನ್ನೂ ಅವಳ ಪುಂಡಿಪಲ್ಯದ ಹುಳಿ ಇತ್ತು. "ಮಾಯಾ," ಎಂದಳು, "ಏನ್ ಹೇಳ್ಲತ್ತಿ ನೀ?" ಮಾಯಾ ಮುಖ ಎತ್ತಲಿಲ್ಲ.

"ಸುಳ್ಳದರಿ ಇದು!" ಸಿದ್ದೇಶ್ವರಿ ಊರಿನವರ ಕಡೆ ತಿರುಗಿದಳು. ದನಿ ತನಗೇ ಗುರುತು ಸಿಗದ ಹಾಗೆ ಏರಿತ್ತು. "ಸುಡು ಅಂತ ಹೇಳಿದ್ದೆ ನಾ. ಅಜೋಲಾ ಅಂದ್ರ ಏನಂತ ಈ ಊರಿಗಿ ತೋರಿಸಿದಾಕಿ ನಾನೇ ಅಲ್ಲೇನ್ರಿ? ಗಂಗುಬಾಯಿ ಅತ್ತಿ ಹಿತ್ತಲದಾಗ ತೊಟ್ಟಿ ಕಟ್ಟಿಸಿ, ಎಮ್ಮಿಗಿ ಹಾಕೂದು ಕಲಿಸಿದಾಕಿ ನಾನು. ಅದು ಉಗುರಿನಷ್ಟು ಸಣ್ಣದು, ಥಂಡಿಗಿ ಕೆಂಪಾಗ್ತದ. ಇದಕ್ಕ ನಾ ಅಜೋಲಾ ಅಂತೇನೇನು? ಮಾವಾ, ನೀವಾರ ಹೇಳ್ರಿ."

ಎಲ್ಲರೂ ಮಡೆಪ್ಪನ ಕಡೆ ನೋಡಿದರು. ಮಡೆಪ್ಪ ತನ್ನ ಕೋಲಿನ ತುದಿಯಿಂದ ಮಣ್ಣು ಕೆದರುತ್ತಿದ್ದ. ಅವನ ಹೆಂಡತಿ ಗಂಗುಬಾಯಿ ಏನೋ ಹೇಳಲು ಬಾಯಿ ತೆರೆದಳು. ಅವನು ಒಮ್ಮೆ ಅವಳನ್ನು ನೋಡಿದ, ಅವಳು ಸುಮ್ಮನಾದಳು.

"ನಾ ಏನ್ ಹೇಳ್ಲಿ ಅವ್ವಾ," ಎಂದ ಮಡೆಪ್ಪ. "ನಿಮ್ಮಿಬ್ಬರ ನಡುವಿನ ಮಾತು. ನಾ ಕಂಡೀನೇನು?"

ವೀರಭದ್ರ ಕೈ ಕೊಡವಿದ. "ಒಬ್ಬರು ಕೊಟ್ಟಾಳ ಅಂತಾರ, ಒಬ್ಬರು ಕೊಟ್ಟಿಲ್ಲ ಅಂತಾರ. ನಮಗ ಅದೇನ್ ಮಾಡೂದದ? ಕೆರಿ ಯಾರು ಖುಲ್ಲಾ ಮಾಡ್ತಾರ, ಅದು ಹೇಳ್ರಿ."

ಈ ಮಾತು ನಡೆದಿರುವಾಗಲೇ ಮಾಯಾ ಕಾರಿನ ಕಡೆ ಹೋಗಿಯಾಗಿತ್ತು. ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಧೂಳು ಎದ್ದಿತು. ಸಿದ್ದೇಶ್ವರಿಯ ಕೈಚೀಲ, ನೀರಿನ ಬಾಟಲಿ ಎಲ್ಲ ಕಾರಿನಲ್ಲೇ ಇದ್ದವು.

"ನಾ ಮಾಡ್ತೇನಿ" ಎಂದಳು ಸಿದ್ದೇಶ್ವರಿ.

ಹಿಂದೆ ನಿಂತವರಲ್ಲಿ ಯಾರೋ, "ತಪ್ಪು ಇಲ್ದಿದ್ರ ಯಾಕ ಒಪ್ಕೋತಿದ್ಳು?" ಎಂದದ್ದು ಅವಳ ಕಿವಿಗೆ ಬಿತ್ತು. ಅವಳು ತಿರುಗಿ ಉತ್ತರ ಕೊಡಲಿಲ್ಲ. ಒಪ್ಪಿಕೊಂಡದ್ದು ತಪ್ಪಿಗಲ್ಲ. ಮಳೆ ಬಂದು ಕೋಡಿ ಬಿದ್ದರೆ ಇದು ಹಳ್ಳಕ್ಕೆ ಇಳಿಯುತ್ತದೆ, ಹಳ್ಳ ಹಿಡಿದು ಮುಂದಿನ ಊರುಗಳ ಕೆರೆಗೆ ಹೋಗುತ್ತದೆ ಎನ್ನುವುದು ಅಲ್ಲಿ ನಿಂತವರಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಅದನ್ನು ಹೇಳುವ ಚೈತನ್ಯ ಆ ಹೊತ್ತಿನಲ್ಲಿ ಇರಲಿಲ್ಲ.

ಬೇಸಿಗೆ ರಜೆ ಪೂರ್ತಿ ಅವಳು ಅಲ್ಲಿಗೆ ಹೋದಳು. ಖಾಲಿ ಡಬ್ಬಿಗಳನ್ನು ಕಟ್ಟಿದ ಉದ್ದನೆಯ ಹಗ್ಗವನ್ನು ನೀರಿನ ಮೇಲೆ ಬಿಟ್ಟು, ಎರಡೂ ದಂಡೆಯಿಂದ ಎಳೆದರೆ ಗಿಡ ಕಂಬಳಿಯಂತೆ ಮಡಚಿಕೊಂಡು ದಡಕ್ಕೆ ಬರುತ್ತಿತ್ತು. ಅದನ್ನು ಬುಟ್ಟಿಯಲ್ಲಿ ಹೊತ್ತು, ನೀರು ಹರಿಯದ ಎತ್ತರದ ಜಾಗಕ್ಕೆ ಒಯ್ದು, ಬಿಸಿಲಿಗೆ ಹರವಿ, ತಿರುವಿ ಹಾಕಿ, ಒಣಗಿದ ಮೇಲೆ ಸುಡಬೇಕು. ಮೊದಲ ದಿನಗಳಲ್ಲಿ ಹಗ್ಗದ ಇನ್ನೊಂದು ತುದಿ ಹಿಡಿಯಲು ಸತೀಶಕುಮಾರನೊಬ್ಬನೇ ಇದ್ದ. "ಹೇಳಿದ್ದೆನಲ್ಲ" ಎಂದು ಅವನು ಒಮ್ಮೆಯೂ ಅನ್ನಲಿಲ್ಲ. ಅದಕ್ಕಾಗಿ ಅವಳಿಗೆ ಅವನ ಮೇಲೆ ಹೊಸ ಪ್ರೀತಿ ಬಂತು. ಆಮೇಲೆ ಗಂಗುಬಾಯಿ ಬಂದಳು. ಅವಳ ಹಿಂದೆ ಇನ್ನಷ್ಟು ಹೆಂಗಸರು. ವೀರಭದ್ರನೂ ತನ್ನ ಸಂಘದವರನ್ನು ಕಳಿಸಿದ. ಮಡೆಪ್ಪ ದಂಡೆಯ ಮೇಲೆ ಬುಟ್ಟಿ ಎತ್ತಿಕೊಡುತ್ತಿದ್ದ. ಸೋದರಸೊಸೆಯ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತು.

ಮಾಯಾಳ ಕಡೆಯಿಂದ ಫೋನು ಬರಲಿಲ್ಲ. ಕೈಚೀಲ ಮಾತ್ರ ಬಸ್ಸಿನವರ ಕೈಯಲ್ಲಿ ನೌಬಾದದ ಮನೆಗೆ ಬಂತು. ಒಳಗೆ ಎಲ್ಲವೂ ಸರಿಯಾಗಿತ್ತು. ನೀರಿನ ಬಾಟಲಿಯನ್ನು ತೊಳೆದು ಇಟ್ಟಿದ್ದಳು. ಅದನ್ನು ನೋಡಿ ಸಿದ್ದೇಶ್ವರಿ ಅಡುಗೆಮನೆಯಲ್ಲಿ ನಿಂತು ಅತ್ತಳು. ಅಷ್ಟು ಮೋಸ ಮಾಡಿದವಳು ಬಾಟಲಿ ಯಾಕೆ ತೊಳೆಯಬೇಕು?

ಮಳೆಗಾಲ ಇನ್ನೇನು ಬಂತು ಅನ್ನುವ ಹೊತ್ತಿಗೆ ಕೆರೆಯ ಬಹುಭಾಗ ತೆರೆಯಿತು. ನೀರು ಕಂಡ ದಿನ ಹೆಂಗಸರು ದಂಡೆಯಲ್ಲಿ ಕೂತು ಕಾಲು ಇಳಿಬಿಟ್ಟರು. ಇನ್ನು ಉಳಿದದ್ದು ಜಂಬಿನ ಹುಲ್ಲು ಬೆಳೆದ ಮೂಲೆಯೊಂದೇ. ಹಗ್ಗ ಅಲ್ಲಿಗೆ ಹೋಗುತ್ತಿರಲಿಲ್ಲ, ಕೈಯಿಂದಲೇ ಹೆಕ್ಕಬೇಕು. ಆ ದಿನ ಉಳಿದವರೆಲ್ಲ ಬಿತ್ತನೆಗೆ ಹೊಲ ಹಸನು ಮಾಡಲು ಹೋಗಿದ್ದರು. ಸಿದ್ದೇಶ್ವರಿ ಸೊಂಟದುದ್ದ ನೀರಿನಲ್ಲಿ, ಮಡೆಪ್ಪ ದಂಡೆಯ ಮೇಲೆ.

"ಸಿದ್ದವ್ವಾ," ಎಂದ ಮಡೆಪ್ಪ ಬುಟ್ಟಿ ಇಳಿಸುತ್ತ, "ನಿನ್ನ ಕಷ್ಟ ನೋಡಿ ನನ್ನ ಹೊಟ್ಟಿ ಉರೀತದ."

"ಇರ್ಲಿ ಬಿಡ್ರಿ ಮಾವಾ."

"ಆ ದಿನಾನೇ ನನಗ ಗೊತ್ತಿತ್ತು. ಆಕಿ ಅಜೋಲಾ ಅಂದ ಕೂಡ್ಲೇ ಗೊತ್ತಾಯ್ತು, ಸುಳ್ಳಂತ. ನಮ್ಮ ಹಿತ್ತಲದಾಗ ಅಜೋಲಾ ಇಟ್ಟಾಕಿ ನೀ. ಅಜೋಲಾ ಯಾವುದಂತ ನಮ್ಮ ಎಮ್ಮಿಗೂ ಗೊತ್ತು."

ಸಿದ್ದೇಶ್ವರಿಯ ಕೈ ನಿಂತಿತು. "ಗೊತ್ತಿತ್ತೇನು?"

"ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ? ನಿಮಗೇ ಕೇಳಿದೆ ನಾ. ಎಲ್ಲಾರ ಮುಂದ ಕೇಳಿದೆ."

ಮಡೆಪ್ಪ ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. ಅವನು ಇದನ್ನು ಪ್ರೀತಿಯಿಂದಲೇ ಹೇಳಿದ. ಅದೇ ಅವಳಿಗೆ ತಡೆಯಲಾಗದ್ದು. "ನೀನೇ ವಿಚಾರ ಮಾಡವ್ವಾ. ತಪ್ಪು ಆಕಿದು ಅಂತ ನಾ ಹೇಳಿದ್ರ, ಆಕಿ ಬಂದು ಇಳೀತಿದ್ಳೇನು ಈ ರಾಡ್ಯಾಗ? ಕಾರ್ ಹತ್ತಿ ಹೋದ್ಳು, ಹೋದ್ಳು. ಆಕಿ ಯಾರು ನಮಗ? ನೀನಾದ್ರ ನಮ್ಮಾಕಿ. ನಿನ್ನ ಮ್ಯಾಲ ಬಂದ್ರ ನೀ ಬಿಟ್ಟು ಹೋಗಾಂಗಿಲ್ಲ. ಊರಿಗಿ ಕೆರಿ ಬೇಕಾಗಿತ್ತು."

ಜಂಬಿನ ನಡುವಿನಿಂದ ಒಂದು ನೀರುಕೋಳಿ ಹೊರಟು, ತೆರೆದ ನೀರಿನ ಮೇಲೆ ಗೆರೆ ಎಳೆಯುತ್ತ ಹೋಯಿತು. ಸಿದ್ದೇಶ್ವರಿ ಅದನ್ನು ನೋಡುತ್ತಿದ್ದಳು. ಮಾಯಾ ಹೆದರಿ ಸುಳ್ಳು ಹೇಳಿದಳು. ಮನಸ್ಸಿನಲ್ಲಿ ಹಗೆಯಿತ್ತು, ಹೇಳಿದಳು. ಇವನಿಗೆ ಹಗೆಯಿರಲಿಲ್ಲ. ಲೆಕ್ಕ ಹಾಕಿದ್ದ. ಕುರಿಗಳಲ್ಲಿ ಯಾವುದನ್ನು ಮುಂದೆ ಬಿಟ್ಟರೆ ಹಿಂಡು ನಡೆಯುತ್ತದೆ ಎಂದು ನೋಡುವ ಹಾಗೆ ನೋಡಿ, ಅವಳನ್ನು ಬಿಟ್ಟಿದ್ದ.

ಅವಳು ನೀರಿನಿಂದ ಹೊರಗೆ ಬಂದಳು. ಕೈಯಲ್ಲಿದ್ದ ಗಿಡವನ್ನು ಬುಟ್ಟಿಗೆ ಹಾಕಿ ದಂಡೆಯ ಕಲ್ಲಿನ ಮೇಲೆ ಕೂತಳು.

"ವೀರಭದ್ರಣ್ಣಗ ಕರೀರಿ. ಉಳಿದ ಮಂದೀಗೂ ಕರೀರಿ. ಈಗ ಹೇಳಿದ್ದು ಅವರ ಮುಂದ ಹೇಳ್ರಿ."

"ಈಗ ಯಾಕವ್ವಾ? ಕೆಲಸ ಮುಗೀಲಿಕ್ಕಿ ಬಂದಾದ. ಮಂದಿ ಮರತಾರ."

"ನೀವು ಹೇಳೂತನಕ ನಾ ನೀರಿಗಿ ಇಳಿಯಾಂಗಿಲ್ಲ. ಆ ಮೂಲ್ಯಾಗ ಇದ್ದದ್ದು ಸಾಕು ಮಾವಾ. ಮಳಿ ಬಂತಂದ್ರ ಮತ್ತ ಕೆರಿ ಪೂರಾ ಆಗ್ತದ."

ಮಡೆಪ್ಪ ನಗಲು ನೋಡಿದ. ಅವಳ ಮುಖ ಕಂಡು ನಗು ನಿಂತಿತು. ಆಕಾಶದ ಕಡೆ ನೋಡಿದ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಕೋಲು ತೆಗೆದುಕೊಂಡು ಊರಿನ ಕಡೆ ನಡೆದ.

ಒಂದಷ್ಟು ಹೊತ್ತಿಗೆ ಏಳೆಂಟು ಜನ ಬಂದರು, ಕೈಕಾಲಿಗೆ ಹೊಲದ ಮಣ್ಣು ಇದ್ದ ಹಾಗೇ. ಮಡೆಪ್ಪ ನೆಲ ನೋಡುತ್ತ ಹೇಳಿದ, ಸಿದ್ದೇಶ್ವರಿಯದು ತಪ್ಪಿರಲಿಲ್ಲ, ಅಂದೇ ಗೊತ್ತಿತ್ತು, ಹೇಳಲಿಲ್ಲ. ಹೇಳಿ ಮುಗಿಯಿತು. ಅವಳು ಏನೋ ಆಗುತ್ತದೆ ಅಂದುಕೊಂಡಿದ್ದಳು. ಯಾರಾದರೂ ತಲೆ ತಗ್ಗಿಸಬಹುದು, ಯಾರಾದರೂ ಛೀ ಎನ್ನಬಹುದು. ವೀರಭದ್ರ, "ಇರ್ಲಿ ಬಿಡ್ರಿ ಬಾಯಾರ. ಯಾರ ಹಾಕಿದ್ರ ಏನು, ಕೆರಿ ಖುಲ್ಲಾ ಆಯ್ತಲ್ಲ" ಎಂದ. ಒಬ್ಬ ಬೀಡಿ ಹಚ್ಚಿದ. ಬಿತ್ತನೆಯ ಅವಸರ; ಹೊರಟುಹೋದರು. ಅವಳ ಮೇಲೆ ಹೊರಿಸಿದಾಗಲೂ ಅವರಿಗೆ ಅದು ಭಾರವಾಗಿರಲಿಲ್ಲ, ಇಳಿಸಿದಾಗಲೂ ಹಗುರಾಗಲಿಲ್ಲ.

ಗಂಗುಬಾಯಿ ಒಬ್ಬಳು ಹಿಂದೆ ಉಳಿದಳು. ಸೀರೆ ಎತ್ತಿ ಕಟ್ಟಿ, ಹೇಳದೆ ಕೇಳದೆ ನೀರಿಗೆ ಇಳಿದಳು. ಸಿದ್ದೇಶ್ವರಿಯೂ ಇಳಿದಳು. ಇಬ್ಬರೂ ಜಂಬಿನ ಬುಡಬುಡ ತಡಕಿ, ಬೆರಳುಗುರಿನಷ್ಟು ತುಂಡನ್ನೂ ಬಿಡದೆ ಹೆಕ್ಕಿದರು. ಮುಗಿದ ಮೇಲೆ ಗಂಗುಬಾಯಿ, "ಮನಿಗಿ ಬಾ, ಬಿಸಿ ರೊಟ್ಟಿ ಬಡೀತೇನಿ" ಎಂದಳು. "ಬ್ಯಾಡ ಅತ್ತಿ" ಎಂದು ಸಿದ್ದೇಶ್ವರಿ ಸೀರೆ ಹಿಂಡಿಕೊಂಡು ರಸ್ತೆಯ ಕಡೆ ನಡೆದಳು. ಮಡೆಪ್ಪ ಕಟ್ಟೆಯ ಮೇಲಿನಿಂದ ಕೂಗಿದ್ದು ಕೇಳಿಸಿತು. ತವರಿನಿಂದ ಉಣ್ಣದೆ ಹೊರಟದ್ದು ಅದೇ ಮೊದಲು.

ಆ ಮಳೆಗಾಲದಲ್ಲಿ ಕೆರೆ ತುಂಬಿತು. ಎರಡು ಸಲ ಅವಳೇ ಹೋಗಿ ಜಂಬಿನ ಮೂಲೆ ನೋಡಿ ಬಂದಳು, ಮಾವನ ಮನೆಯ ದಾರಿ ಬಿಟ್ಟು ಏರಿಯ ಕಡೆಯಿಂದ. ಏನೂ ಕಾಣಲಿಲ್ಲ. ಭಾಲ್ಕಿಯ ಆ ಫಂಕ್ಷನ್ ಹಾಲ್ ಕೊಳಕ್ಕೆ ಈಗ ಪ್ಲಾಸ್ಟಿಕ್ ಕಮಲ ಬಿಟ್ಟಿದ್ದಾರೆ ಎಂದು ಯಾರೋ ಹೇಳಿದರು. ಹಳೆಯ ಗಿಡ ಏನಾಯಿತು ಎಂದು ಅಲ್ಲಿಯವರಿಗೇ ಫೋನು ಮಾಡಿ ವಿಚಾರಿಸಿದಳು, ಸುಟ್ಟೆವು ಎಂದರು. ಹೋಗಿ ಬೂದಿ ನೋಡಿ ಬಂದಳು.

ಅಂಗಳದ ಇಲಿಕಿವಿ ಎಂದಿನಂತೆ ಬೆಳೆಯುತ್ತಿತ್ತು. ತೆಗೆದದ್ದನ್ನು ಈಗ ಬೀದರಿನ ಗುಲಾಮ ರಸೂಲರ ಅಂಗಡಿಗೆ ಕೊಡುತ್ತಾಳೆ. ಅವರು ವಯಸ್ಸಾದ, ಮೆದು ಮಾತಿನ ಮನುಷ್ಯ. ಅವಳಿಗೆ ಮೊದಲ ಹಿಡಿ ಗಿಡ ಕೊಟ್ಟವರು. ಚೀಲ ಕೊಡುವಾಗ ಪ್ರತಿ ಸಲವೂ ಅವಳು ಅದೇ ಮಾತು ಹೇಳುತ್ತಾಳೆ. ಮೋರಿಗೆ ಬಿಡಬ್ಯಾಡ್ರಿ, ಬಾವಿಗಿ ಬಿಡಬ್ಯಾಡ್ರಿ, ಹೆಚ್ಚಾದದ್ದು ಒಣಗಿಸಿ ನನಗ ವಾಪಸ್ ಕೊಡ್ರಿ, ನಾ ಬಂದು ನೋಡ್ತೇನಿ.

ಮೊನ್ನೆ ಅವರು ನಕ್ಕರು. "ಎಷ್ಟು ಸಲ ಹೇಳ್ತೀರಿ ಬಾಯಾರ? ಇಷ್ಟು ವರ್ಷದ ಪರಿಚಯ. ನನ್ನ ಮ್ಯಾಲ ಭರೋಸಾ ಇಲ್ಲೇನ್ರಿ?"

"ಇಲ್ರಿ" ಎಂದಳು ಸಿದ್ದೇಶ್ವರಿ.

ಮುದುಕರ ಮುಖದ ನಗು ಮೆಲ್ಲಗೆ ಇಳಿಯಿತು. ಅವರಿಗೆ ನೋವಾಯಿತು, ಅದು ಅವಳಿಗೆ ಕಂಡಿತು. ಒಂದು ಮಾತು ಸೇರಿಸಿ ಸರಿಮಾಡಬಹುದಿತ್ತು. ಅವಳು ಚೀಲವನ್ನು ಅವರ ಕೈಗಿತ್ತು, ಒಣಗಿದ್ದನ್ನು ತಗೊಂಡು ಹೋಗಲು ಶನಿವಾರ ಬರುತ್ತೇನೆಂದು ಹೇಳಿ, ಮೆಟ್ಟಿಲು ಇಳಿದಳು.